ತಾಜಾ ಮತ್ತು ಫ್ರೋಜನ್ ಆಹಾರವನ್ನು ವಿಮಾನದಲ್ಲಿ ಹೊರದೇಶಕ್ಕೆ ಕಳಿಸುವುದು: ಪದೇ ಪದೇ ಕೇಳುವ ಪ್ರಶ್ನೆಗಳು

ಆಹಾರವನ್ನು ವಿಮಾನದಲ್ಲಿ ಕಳಿಸಲು ಹೊರಟವರು ಮೊದಲು ಕೇಳುವುದು ಹಾರಾಟದ ಬಗ್ಗೆ. ಎಷ್ಟು ಗಂಟೆ ಹಾರುತ್ತದೆ, ಒಳಗೆ ಎಷ್ಟು ತಂಪು ಇರುತ್ತದೆ ಅಂತ. ಆದರೆ ಮಾಲು ಕೆಡುವುದು ಹೆಚ್ಚಾಗಿ ನೆಲದ ಮೇಲೆ. ಗೋದಾಮಿನ ಬಾಗಿಲಲ್ಲಿ ಕಾಯುವಾಗ, ಬಿಸಿಲಲ್ಲಿ ವಿಮಾನದ ಪಕ್ಕ ನಿಂತಾಗ, ಒಂದು ಕಾಗದ ಸರಿಯಿಲ್ಲ ಅಂತ ಕಸ್ಟಮ್ಸ್‌ನಲ್ಲಿ ಸಿಕ್ಕಿಕೊಂಡಾಗ. ಈ ಉತ್ತರಗಳನ್ನು ಬರೆಯುವಾಗ ನನ್ನ ಗಮನ ಇದ್ದದ್ದು ಆ ಗಂಟೆಗಳ ಮೇಲೆಯೇ. ಮೊದಲ ಸಲ ಕಳಿಸುವವರಿಗೂ, ಆಗಾಗ ಕಳಿಸಿ ಒಮ್ಮೊಮ್ಮೆ ಪೆಟ್ಟು ತಿನ್ನುವವರಿಗೂ ಇದು ಉಪಯೋಗಕ್ಕೆ ಬರಲಿ.

ಯಾವ ಆಹಾರಕ್ಕೆ ವಿಮಾನ ಬೇಕು? ಹಡಗು ಸಾಲದಾ?

ಬಹಳಷ್ಟು ಆಹಾರಕ್ಕೆ ಹಡಗು ಸಾಕು. ಫ್ರೋಜನ್ ಮಾಂಸ, ಫ್ರೋಜನ್ ಮೀನು, ಬಾಳೆಹಣ್ಣು, ಸೇಬು ಇವೆಲ್ಲ ರೀಫರ್ ಅನ್ನುವ, ತಂಪು ಯಂತ್ರವಿರುವ ಕಂಟೇನರ್‌ನಲ್ಲಿ ವಾರಗಟ್ಟಲೆ ಪ್ರಯಾಣ ಮಾಡಿ ಚೆನ್ನಾಗಿಯೇ ತಲುಪುತ್ತವೆ. ವಿಮಾನ ಬೇಕಾಗುವುದು ಆಯಸ್ಸು ಕಡಿಮೆ, ಬೆಲೆ ಜಾಸ್ತಿ ಇರುವ ಮಾಲಿಗೆ. ಹಸಿ ಮೀನು, ಜೀವಂತ ಏಡಿ, ಬೆರ್ರಿ, ಚೆರ್ರಿ, ಆಸ್ಪರಾಗಸ್, ಎಳೆ ಸೊಪ್ಪು ಈ ಗುಂಪಿನವು.

ಫ್ರೋಜನ್ ಆಹಾರವನ್ನು ವಿಮಾನದಲ್ಲಿ ಕಳಿಸುವುದಕ್ಕೆ ಕಾರಣ ಬೇರೆ. ಸ್ಯಾಂಪಲ್, ಸಣ್ಣ ಆರ್ಡರ್, ಪ್ರದರ್ಶನಕ್ಕೆ ಬೇಕಾದ ತುರ್ತು ಮಾಲು ಹೀಗೆ. ಪ್ರತಿ ತಿಂಗಳು ಟನ್‌ಗಟ್ಟಲೆ ಫ್ರೋಜನ್ ಕಳಿಸುವ ಯೋಚನೆ ಇದ್ದರೆ ದಯವಿಟ್ಟು ಹಡಗನ್ನು ನೋಡಿ. ಖರ್ಚು ಒಂದು ಕಡೆ ಇರಲಿ, ಅಷ್ಟೇ ಮಾಲನ್ನು ಅಷ್ಟೇ ದೂರ ಸಾಗಿಸಲು ವಿಮಾನ ಉಗುಳುವ ಇಂಗಾಲ ಹಡಗಿನದಕ್ಕಿಂತ ಹತ್ತಾರು ಪಟ್ಟು ಜಾಸ್ತಿ. ಅವಸರವಿಲ್ಲದ ಮಾಲಿಗೆ ಆ ಹೊರೆ ಯಾಕೆ ಅನ್ನುವುದು ನನ್ನ ಅಭಿಪ್ರಾಯ.

ತಾಜಾ ಮತ್ತು ಫ್ರೋಜನ್ ಎರಡಕ್ಕೂ ಒಂದೇ ಥರ ಪ್ಯಾಕಿಂಗ್ ನಡೆಯುತ್ತದಾ?

ನಡೆಯುವುದಿಲ್ಲ. ಫ್ರೋಜನ್ ಮಾಲು ಸುಮ್ಮನೆ ಇರುತ್ತದೆ. ಹೊರಗಿನ ಬಿಸಿ ಒಳಗೆ ಬರದಂತೆ ತಡೆದರೆ ಆಯಿತು. ಆದ್ದರಿಂದ ದಪ್ಪ ಗೋಡೆಯ, ಸಂದಿಲ್ಲದ ಪೆಟ್ಟಿಗೆ ಬೇಕು.

ತಾಜಾ ಹಣ್ಣು, ತರಕಾರಿ ಹಾಗಲ್ಲ. ಅವು ಕಿತ್ತ ಮೇಲೂ ಉಸಿರಾಡುತ್ತವೆ. ಆಮ್ಲಜನಕ ತೆಗೆದುಕೊಂಡು ಇಂಗಾಲದ ಡೈಆಕ್ಸೈಡ್, ತೇವ ಮತ್ತು ಬಿಸಿಯನ್ನು ಹೊರಗೆ ಬಿಡುತ್ತವೆ. ಅಣಬೆ, ಬ್ರೊಕೋಲಿ, ಆಸ್ಪರಾಗಸ್ ಇದರಲ್ಲಿ ಬಹಳ ಜೋರು. ಇವನ್ನು ಗಾಳಿಯಾಡದ ಥರ್ಮೋಕೋಲ್ ಪೆಟ್ಟಿಗೆಯಲ್ಲಿ ಗಟ್ಟಿಯಾಗಿ ಮುಚ್ಚಿದರೆ ತಮ್ಮ ಬಿಸಿಯಲ್ಲಿ ತಾವೇ ಬೇಯುತ್ತವೆ. ಒಳಗೆ ಹನಿ ಕಟ್ಟುತ್ತದೆ, ಬೂಷ್ಟು ಬರುತ್ತದೆ. ಇವಕ್ಕೆ ತೂತಿರುವ ರಟ್ಟಿನ ಪೆಟ್ಟಿಗೆ ಬೇಕು. ಪೆಟ್ಟಿಗೆ ಜೋಡಿಸುವಾಗ ಒಂದರ ತೂತು ಇನ್ನೊಂದರ ತೂತಿಗೆ ಎದುರಾಗಿ ಬರಬೇಕು. ಇಲ್ಲದಿದ್ದರೆ ತೂತು ಇದ್ದೂ ಗಾಳಿ ಆಡುವುದಿಲ್ಲ. ಎಷ್ಟೋ ಕಡೆ ಪೆಟ್ಟಿಗೆ ತೂತಿನದೇ ತರುತ್ತಾರೆ, ಆಮೇಲೆ ಇಡೀ ಪ್ಯಾಲೆಟ್ಟಿಗೆ, ಅಂದರೆ ಹಲಗೆಯ ಮೇಲೆ ಪೇರಿಸಿದ ರಾಶಿಗೆ, ಪ್ಲಾಸ್ಟಿಕ್ ಸುತ್ತಿಬಿಡುತ್ತಾರೆ. ಅಲ್ಲಿಗೆ ತೂತು ಮಾಡಿದ್ದೇ ದಂಡ.

ಇನ್ನೊಂದು ವಿಷಯ ಎಥಿಲೀನ್. ಸೇಬು, ಮಾಗಿದ ಬಾಳೆ, ಮಾವು ಈ ಅನಿಲವನ್ನು ಬಿಡುತ್ತವೆ. ಸೊಪ್ಪು, ಸೌತೆ, ಕಿವಿ ಹಣ್ಣು, ಹೂವು ಇವಕ್ಕೆ ಅದು ಆಗಿಬರುವುದಿಲ್ಲ. ಸೊಪ್ಪು ಹಳದಿಯಾಗುತ್ತದೆ, ಕಿವಿ ಬೇಗ ಮೆತ್ತಗಾಗುತ್ತದೆ. ಎರಡೂ ಗುಂಪನ್ನು ಒಂದೇ ಕಂಟೇನರ್‌ನಲ್ಲಿ ತುಂಬಬೇಡಿ.

ಯಾವುದಕ್ಕೆ ಎಷ್ಟು ತಂಪು ಬೇಕು?

ಫ್ರೋಜನ್ ಅಂದರೆ ಮೈನಸ್ 18 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಕಡಿಮೆ. ಕೋಡೆಕ್ಸ್ ಅಲಿಮೆಂಟೇರಿಯಸ್ ಅನ್ನುವ ಅಂತರರಾಷ್ಟ್ರೀಯ ಆಹಾರ ಮಾನದಂಡ ಹೇಳುವುದೂ ಇದನ್ನೇ. ಹಸಿ ಮೀನು ಕರಗುತ್ತಿರುವ ಐಸ್‌ನ ಉಷ್ಣತೆಯಲ್ಲಿ, ಅಂದರೆ 0 ಡಿಗ್ರಿಯ ಆಸುಪಾಸಿನಲ್ಲಿ ಇರಬೇಕು. ಹಸಿ ಮಾಂಸ ಮತ್ತು ಹಾಲಿನ ಪದಾರ್ಥಗಳಿಗೆ 0 ರಿಂದ 4. ಬೆರ್ರಿ, ಚೆರ್ರಿ ಮತ್ತು ಹೆಚ್ಚಿನ ಸೊಪ್ಪುಗಳಿಗೆ 0 ರಿಂದ 2.

ಜಾಸ್ತಿ ತಂಪಾದಷ್ಟೂ ಒಳ್ಳೆಯದು ಅಂದುಕೊಂಡರೆ ಮಾತ್ರ ಕೆಟ್ಟಿರಿ. ಬಿಸಿ ಸೀಮೆಯ ಹಣ್ಣುಗಳಿಗೆ ತಂಪೇ ಶತ್ರು. ಬಾಳೆಹಣ್ಣು 13 ಡಿಗ್ರಿಗಿಂತ ಕೆಳಗೆ ಹೋದರೆ ಸಿಪ್ಪೆ ಬೂದಿ ಬಣ್ಣಕ್ಕೆ ತಿರುಗುತ್ತದೆ. ಮಾವು, ಟೊಮೆಟೊ, ಸೌತೆಕಾಯಿಗೆ ಸುಮಾರು 10 ರಿಂದ 13 ಡಿಗ್ರಿ ಸರಿ. ಇಲ್ಲಿ ಮೋಸ ಏನೆಂದರೆ, ತಂಪಿನ ಏಟು ತಕ್ಷಣ ಕಾಣುವುದಿಲ್ಲ. ಪೆಟ್ಟಿಗೆ ತೆರೆದಾಗ ಹಣ್ಣು ಚೆನ್ನಾಗಿಯೇ ಇರುತ್ತದೆ. ಎರಡು ದಿನ ಹೊರಗಿಟ್ಟ ಮೇಲೆ ಕಲೆ ಬೀಳುತ್ತದೆ, ಹಣ್ಣಾಗುವುದೇ ಇಲ್ಲ. ಅಷ್ಟರಲ್ಲಿ ಪಡೆದವರು ಎಲ್ಲ ಸರಿ ಇದೆ ಅಂತ ಸಹಿ ಹಾಕಿ ಆಗಿರುತ್ತದೆ.

ವಿಮಾನದ ಹೊಟ್ಟೆಯೊಳಗೆ ಫ್ರಿಜ್ ಇರುತ್ತದಾ? ಮೇಲೆ ಹೇಗೂ ಚಳಿ ಅಲ್ವಾ?

ಹೊರಗೆ ಮೈನಸ್ 50 ಡಿಗ್ರಿ ಇರುತ್ತದೆ, ನಿಜ. ಆದರೆ ಆ ಚಳಿ ಒಳಗೆ ಬರುವುದಿಲ್ಲ, ಬರಲೂಬಾರದು. ಸರಕಿನ ಜಾಗಕ್ಕೂ ಪ್ರಯಾಣಿಕರ ಜಾಗದಷ್ಟೇ ಗಾಳಿಯ ಒತ್ತಡ ಇರುತ್ತದೆ. ಉಷ್ಣತೆ ಎಷ್ಟಿರುತ್ತದೆ ಅನ್ನುವುದು ವಿಮಾನದ ಮಾದರಿ ಮೇಲೆ ನಿಂತಿದೆ. ಕೆಲವು ದೊಡ್ಡ ವಿಮಾನಗಳಲ್ಲಿ ಒಂದು ಭಾಗವನ್ನು ಬೇಕಾದ ಉಷ್ಣತೆಗೆ ಹೊಂದಿಸಬಹುದು. ಸಣ್ಣ ವಿಮಾನಗಳಲ್ಲಿ ಆ ಸೌಲಭ್ಯ ಇಲ್ಲದಿರುವುದೇ ಹೆಚ್ಚು. ಯಾವುದಾದರೂ ಆಗಲಿ, ಅದು ಫ್ರೀಜರ್ ಅಂತೂ ಅಲ್ಲ. ಮೈನಸ್ 18 ಬೇಕಿದ್ದರೆ ಆ ತಂಪನ್ನು ಪೆಟ್ಟಿಗೆಯೊಳಗೆ ನೀವೇ ತುಂಬಿ ಕಳಿಸಬೇಕು, ಇಲ್ಲವೇ ತಂಪು ಮಾಡುವ ಯಂತ್ರವೇ ಇರುವ ಕಂಟೇನರ್ ಬಾಡಿಗೆಗೆ ಪಡೆಯಬೇಕು. ಈ ಎರಡನೆಯದು ದುಬಾರಿ. ಹೆಚ್ಚಾಗಿ ಔಷಧಿಗಳಿಗೆ ಬಳಸುತ್ತಾರೆ.

ಒತ್ತಡದ ಬಗ್ಗೆ ಒಂದು ಮಾತು. ಹಾರಾಟದಲ್ಲಿ ಒಳಗಿನ ಒತ್ತಡ ಸುಮಾರು 2,400 ಮೀಟರ್ ಎತ್ತರದ ಬೆಟ್ಟದ ಮೇಲಿನಷ್ಟಕ್ಕೆ ಇಳಿಯಬಹುದು. ನೆಲದ ಮೇಲಿನ ಒತ್ತಡದ ಮುಕ್ಕಾಲು ಪಾಲು ಅನ್ನಿ. ಗಾಳಿ ತುಂಬಿದ ಪೊಟ್ಟಣಗಳು ಉಬ್ಬುತ್ತವೆ, ಸಡಿಲ ಮುಚ್ಚಳದ ಡಬ್ಬಿ ಸೋರುತ್ತದೆ. ವ್ಯಾಕ್ಯೂಮ್ ಪ್ಯಾಕ್ ಮಾಡಿದ ಮಾಲಿಗೆ ಈ ತೊಂದರೆ ಇಲ್ಲ.

ಒಳ್ಳೆಯ ಪೆಟ್ಟಿಗೆ ತಂದರೆ ಮಾಲನ್ನು ತಂಪಾಗಿಸುವ ಕೆಲಸ ಅದೇ ಮಾಡಲ್ವಾ?

ಮಾಡುವುದಿಲ್ಲ. ಈ ವಿಷಯ ಮನಸ್ಸಿನಲ್ಲಿ ಕೂತರೆ ಅರ್ಧ ನಷ್ಟ ತಪ್ಪುತ್ತದೆ. ತಂಪು ಅನ್ನುವುದು ಜೇಬಿನಲ್ಲಿರುವ ದುಡ್ಡಿನ ಹಾಗೆ. ಪೆಟ್ಟಿಗೆ ಅದನ್ನು ಸಂಪಾದಿಸುವುದಿಲ್ಲ, ಖರ್ಚಾಗುವ ವೇಗವನ್ನು ಮಾತ್ರ ಕಡಿಮೆ ಮಾಡುತ್ತದೆ. 12 ಡಿಗ್ರಿ ಇರುವ ಮೀನನ್ನು ಒಳಗಿಟ್ಟು ನಾಲ್ಕು ಜೆಲ್ ಪ್ಯಾಕ್ ಹಾಕಿದರೆ, ಆ ಪ್ಯಾಕ್‌ಗಳ ಶಕ್ತಿಯೆಲ್ಲ ಮೀನನ್ನು ತಣಿಸುವುದರಲ್ಲೇ ಮುಗಿಯುತ್ತದೆ. ಪ್ರಯಾಣಕ್ಕೆ ಏನೂ ಉಳಿಯುವುದಿಲ್ಲ.

ಆದ್ದರಿಂದ ಮಾಲು, ಪೆಟ್ಟಿಗೆ, ಜೆಲ್ ಪ್ಯಾಕ್ ಮೂರೂ ಮೊದಲೇ ಬೇಕಾದ ಉಷ್ಣತೆಗೆ ಬಂದಿರಬೇಕು. ಪೆಟ್ಟಿಗೆಯನ್ನು ರಾತ್ರಿಯೇ ಕೋಲ್ಡ್ ರೂಮಿನಲ್ಲಿಡಿ. ಪ್ಯಾಕಿಂಗ್ ಕೂಡ ಅಲ್ಲೇ ನಡೆಯಲಿ. ಹಣ್ಣು, ತರಕಾರಿಯ ಹೊಲದ ಬಿಸಿಯನ್ನು ಕೊಯ್ದ ಕೂಡಲೇ ತೆಗೆಯಬೇಕು. ಫ್ಯಾನಿನಿಂದ ತಣ್ಣನೆಯ ಗಾಳಿಯನ್ನು ಪೆಟ್ಟಿಗೆಗಳ ನಡುವೆ ಎಳೆಯುವುದು ಇದಕ್ಕೆ ಒಳ್ಳೆಯ ದಾರಿ. ಸುಮ್ನೆ ಕೋಲ್ಡ್ ರೂಮಿನಲ್ಲಿ ರಾಶಿ ಹಾಕಿದರೆ ರಾಶಿಯ ನಡುವಿನ ಪೆಟ್ಟಿಗೆಗಳು ಮರುದಿನವೂ ಬಿಸಿಯಾಗಿಯೇ ಇರುತ್ತವೆ. ಮಾಲಿನ ಮೇಲ್ಮೈ ಮುಟ್ಟಿ ನಿರ್ಧಾರ ಮಾಡಬೇಡಿ. ಥರ್ಮಾಮೀಟರ್ ಸೂಜಿಯನ್ನು ಒಳತನಕ ಚುಚ್ಚಿ ನೋಡಿ.

ಸಾಮಾನ್ಯ ಐಸ್, ಜೆಲ್ ಪ್ಯಾಕ್, ಡ್ರೈ ಐಸ್. ಯಾವುದು ಯಾವುದಕ್ಕೆ?

ನೀರಿನ ಜೆಲ್ ಪ್ಯಾಕ್ 0 ಡಿಗ್ರಿಯ ಹತ್ತಿರ ಕರಗುತ್ತದೆ. ಹಾಗಾಗಿ ತಾಜಾ ಮಾಂಸ, ಮೀನು, ಚೀಸ್‌ಗೆ ಅದು ಸರಿ. ಫ್ರೋಜನ್ ಮಾಲಿಗೆ ಅದು ಸಾಲದು. ಎಷ್ಟೇ ಹಾಕಿ, 0 ಡಿಗ್ರಿಯಲ್ಲಿ ಕರಗುವ ವಸ್ತು ಮೈನಸ್ 18 ಅನ್ನು ಹಿಡಿದಿಡಲಾರದು. ಉಪ್ಪಿನ ದ್ರಾವಣದಿಂದ ಮಾಡಿದ, ಮೈನಸ್ 21 ಡಿಗ್ರಿಯ ಹತ್ತಿರ ಕರಗುವ ಪ್ಯಾಕ್‌ಗಳು ಸಿಗುತ್ತವೆ. ಚಿಕ್ಕ ಪ್ರಯಾಣಕ್ಕೆ ಅವು ಒಳ್ಳೆಯವು. ಆದರೆ ಅವನ್ನು ಗಟ್ಟಿ ಮಾಡಲು ಅದಕ್ಕಿಂತಲೂ ತಣ್ಣನೆಯ ಫ್ರೀಜರ್ ಬೇಕು.

ಡ್ರೈ ಐಸ್ ಅಂದರೆ ಗಟ್ಟಿಯಾದ ಇಂಗಾಲದ ಡೈಆಕ್ಸೈಡ್. ಮೈನಸ್ 78.5 ಡಿಗ್ರಿಯಲ್ಲಿ ನೀರಾಗದೆ ನೇರ ಅನಿಲವಾಗುತ್ತದೆ. ಒಂದು ಕೆಜಿ ನೀರಿನ ಐಸ್ ಕರಗುವಾಗ 334 ಕಿಲೋಜೂಲ್ ಬಿಸಿಯನ್ನು ಹೀರಿದರೆ, ಒಂದು ಕೆಜಿ ಡ್ರೈ ಐಸ್ ಸುಮಾರು 570 ಹೀರುತ್ತದೆ. ಫ್ರೋಜನ್‌ಗೆ ಇದೇ ರಾಜ. ತಾಜಾ ಹಣ್ಣು, ತರಕಾರಿಗೆ ತಾಗಿಸಿ ಇಟ್ಟರೆ ಸುಟ್ಟಂತೆ ಹೆಪ್ಪುಗಟ್ಟಿ ಹಾಳಾಗುತ್ತವೆ. ಜೀವಂತ ಏಡಿ, ಚಿಪ್ಪುಮೀನಿನ ಪೆಟ್ಟಿಗೆಗಂತೂ ಹಾಕಲೇಬೇಡಿ. ಅವು ಉಸಿರುಕಟ್ಟಿ ಸಾಯುತ್ತವೆ.

ಸಾಮಾನ್ಯ ಐಸ್ ಅಗ್ಗ, ಆದರೆ ನೀರಾಗುತ್ತದೆ. ಆ ಕಥೆ ಮುಂದೆ ಬರುತ್ತದೆ.

ಡ್ರೈ ಐಸ್‌ಗೆ ಏನೇನು ನಿಯಮ?

ವಿಮಾನದ ಲೆಕ್ಕದಲ್ಲಿ ಡ್ರೈ ಐಸ್ ಅಪಾಯಕಾರಿ ವಸ್ತು. ಅದರ ಗುರುತು ಯುಎನ್ 1845, ವರ್ಗ 9. ಹೀಗೆ ಯಾಕೆ ಅಂತ ಕೇಳುವವರು ಒಂದು ಲೆಕ್ಕ ನೋಡಲಿ. ಒಂದು ಕೆಜಿ ಡ್ರೈ ಐಸ್ ಕೋಣೆಯ ಬಿಸಿಯಲ್ಲಿ ಸುಮಾರು 540 ಲೀಟರ್ ಅನಿಲವಾಗುತ್ತದೆ. ಗಾಳಿ ಹೋಗದಂತೆ ಮುಚ್ಚಿದ ಡಬ್ಬಿ ಒಡೆಯುತ್ತದೆ. ಮುಚ್ಚಿದ ಜಾಗದಲ್ಲಿ ಕೆಲಸ ಮಾಡುವವರಿಗೆ, ಅಲ್ಲೇ ಇರುವ ಪ್ರಾಣಿಗಳಿಗೆ ಉಸಿರಾಡಲು ಆಮ್ಲಜನಕ ಸಾಲದಾಗುತ್ತದೆ.

ಏರ್‌ಲೈನ್‌ಗಳ ಅಂತರರಾಷ್ಟ್ರೀಯ ಸಂಘವಾದ ಐಯಾಟಾದ ಅಪಾಯಕಾರಿ ಸರಕು ನಿಯಮಗಳಲ್ಲಿ ಇದಕ್ಕೆ ಪ್ಯಾಕಿಂಗ್ ಸೂಚನೆ 954 ಇದೆ. ಪೆಟ್ಟಿಗೆಯಿಂದ ಅನಿಲ ಹೊರಹೋಗಲು ದಾರಿ ಇರಬೇಕು. ಒಂದು ಪೆಟ್ಟಿಗೆಯಲ್ಲಿ ಹೆಚ್ಚೆಂದರೆ 200 ಕೆಜಿ. ಹೊರಗೆ ಯುಎನ್ 1845 ಅಂತ, ಡ್ರೈ ಐಸ್ ಅಂತ, ಅದರ ನಿವ್ವಳ ತೂಕ ಕೆಜಿಯಲ್ಲಿ, ಕಳಿಸುವವರ ಮತ್ತು ಪಡೆಯುವವರ ಹೆಸರು, ವಿಳಾಸ ಬರೆಯಬೇಕು. ವರ್ಗ 9ರ ಲೇಬಲ್ ಅಂಟಿಸಬೇಕು. ಏರ್‌ವೇ ಬಿಲ್‌ನಲ್ಲೂ, ಅಂದರೆ ವಿಮಾನದ ಸರಕಿನ ಜೊತೆ ಹೋಗುವ ಸಾಗಣೆ ಪತ್ರದಲ್ಲೂ, ಇದು ಬರಬೇಕು. ಆಹಾರದಂಥ ಅಪಾಯವಿಲ್ಲದ ಮಾಲನ್ನು ತಂಪಾಗಿಡಲು ಮಾತ್ರ ಬಳಸಿದರೆ, ಅಪಾಯಕಾರಿ ಸರಕಿನ ಪ್ರತ್ಯೇಕ ಘೋಷಣಾಪತ್ರ ಬೇಕಿಲ್ಲ.

ಪ್ರತಿ ವಿಮಾನಕ್ಕೂ ಒಟ್ಟು ಇಷ್ಟೇ ಡ್ರೈ ಐಸ್ ಅನ್ನುವ ಮಿತಿ ಇದೆ. ಬುಕಿಂಗ್ ವೇಳೆ ಹೇಳದೆ ಕೊನೇ ಗಳಿಗೆಯಲ್ಲಿ ತಂದರೆ ಜಾಗ ಇದ್ದೂ ನಿಮ್ಮ ಮಾಲು ಹಿಂದೆ ಉಳಿಯಬಹುದು. ತೂಕ ಕಡಿಮೆ ಬರೆದು ಜಾಸ್ತಿ ತುಂಬುವ ಚಾಳಿ ಕೆಲವರಿಗಿದೆ. ಅದು ವಿಮಾನದೊಳಗಿನ ಜೀವಗಳ ಪ್ರಶ್ನೆ. ದಯವಿಟ್ಟು ಮಾಡಬೇಡಿ. ಡ್ರೈ ಐಸನ್ನು ವಿಮಾನ ನಿಲ್ದಾಣಕ್ಕೆ ಒಯ್ಯುವಾಗ ಗಾಡಿಯ ಕಿಟಕಿ ತೆರೆದಿರಲಿ. ಕೈಗೆ ದಪ್ಪ ಗ್ಲೌಸ್ ಇರಲಿ.

ಎಷ್ಟು ಡ್ರೈ ಐಸ್ ಹಾಕಬೇಕು?

ಸಾಧಾರಣ ಅಳತೆಯ ಥರ್ಮೋಕೋಲ್ ಪೆಟ್ಟಿಗೆಯಲ್ಲಿ 24 ಗಂಟೆಗೆ 2 ರಿಂದ 5 ಕೆಜಿ ಆವಿಯಾಗುತ್ತದೆ ಅಂತ ಲೆಕ್ಕ ಹಿಡಿಯಬಹುದು. ಗೋಡೆ ದಪ್ಪ ಇದ್ದರೆ ಕಡಿಮೆ, ಹೊರಗೆ ಬಿಸಿ ಇದ್ದರೆ ಜಾಸ್ತಿ. ಗಟ್ಟಿ ದಪ್ಪ ತುಂಡುಗಳು ನಿಧಾನವಾಗಿ ಆವಿಯಾಗುತ್ತವೆ. ಸಣ್ಣ ಕಾಳುಗಳು ಬೇಗ.

ಲೆಕ್ಕವನ್ನು ಹಾರಾಟದ ಸಮಯಕ್ಕೆ ಹಾಕಬೇಡಿ, ನಿಮ್ಮ ಬಾಗಿಲಿನಿಂದ ಅವರ ಫ್ರೀಜರ್‌ವರೆಗಿನ ಸಮಯಕ್ಕೆ ಹಾಕಿ. ಅದರ ಮೇಲೆ ಒಂದಿಡೀ ದಿನದ ಉಳಿಕೆ ಸೇರಿಸಿ. ಒಟ್ಟು 48 ಗಂಟೆ ಅಂದರೆ ನಾನು 72 ಗಂಟೆಗೆ ತುಂಬಿ ಅಂತಲೇ ಹೇಳುತ್ತೇನೆ. ತಣ್ಣನೆ ಗಾಳಿ ಕೆಳಗೆ ಇಳಿಯುವುದರಿಂದ ಒಂದು ಪಾಲನ್ನು ಮೇಲೆ ಇಡಿ. ಉಳಿದ ಖಾಲಿ ಜಾಗವನ್ನು ಕಾಗದದಿಂದ ತುಂಬಿ. ಡ್ರೈ ಐಸ್ ಆವಿಯಾದ ಹಾಗೆ ಮಾಲು ಒಳಗೆ ಅಲುಗಾಡಬಾರದು.

ನಿಜವಾದ ಮಾಲು ಕಳಿಸುವ ಮುಂಚೆ ಅದೇ ಪೆಟ್ಟಿಗೆ, ಅದೇ ತೂಕ ಇಟ್ಟು ಒಂದು ಬಿಸಿ ಕೋಣೆಯಲ್ಲಿ ಪರೀಕ್ಷೆ ಮಾಡಿ. ಇದಕ್ಕಿಂತ ಅಗ್ಗದ ವಿಮೆ ಇಲ್ಲ.

ಹಸಿ ಮೀನಿನ ಪೆಟ್ಟಿಗೆ ಸೋರಿದರೆ ಏನಾಗುತ್ತದೆ?

ಉಪ್ಪುನೀರು ಮತ್ತು ಮೀನಿನ ನೀರು ಲೋಹವನ್ನು ತಿನ್ನುತ್ತವೆ. ವಿಮಾನದ ನೆಲದಡಿಗೆ ಹೋದರೆ ಶುಚಿ ಮಾಡಲು ವಿಮಾನವನ್ನೇ ನಿಲ್ಲಿಸಬೇಕಾಗಬಹುದು. ಆ ಖರ್ಚು ಕಳಿಸಿದವರ ತಲೆಗೆ ಬರುತ್ತದೆ. ಅದಕ್ಕೇ ಕೆಲವು ಏರ್‌ಲೈನ್‌ಗಳು ಬಿಡಿ ಐಸ್ ಹಾಕಿದ ಮಾಲನ್ನು ಮುಟ್ಟುವುದೇ ಇಲ್ಲ. ತೆಗೆದುಕೊಳ್ಳುವವರೂ ಸೋರದ ಪೆಟ್ಟಿಗೆ ಕೇಳುತ್ತಾರೆ. ಒಳಗೆ ದಪ್ಪ ಪಾಲಿಥೀನ್ ಚೀಲ, ಅದರಲ್ಲಿ ನೀರು ಹೀರುವ ಪ್ಯಾಡ್, ಅದಕ್ಕೊಂದು ಹೊರಚೀಲ, ಆಮೇಲೆ ಪೆಟ್ಟಿಗೆ. ಪೆಟ್ಟಿಗೆಯನ್ನು ಒಂದು ಬದಿಗೆ ಮಲಗಿಸಿ ಒಂದು ಗಂಟೆ ಬಿಟ್ಟು ನೋಡಿ. ಹನಿ ಬಂದರೆ ಕಳಿಸಬೇಡಿ.

ಸೆಕ್ಯುರಿಟಿ ಎಕ್ಸ್‌ರೇಯಿಂದ ಆಹಾರ ಕೆಡುತ್ತದಾ?

ಇಲ್ಲ. ಆದರೆ ದಟ್ಟವಾದ ಫ್ರೋಜನ್ ರಾಶಿ ಮತ್ತು ಫಾಯಿಲ್ ಹೊದಿಕೆಯನ್ನು ಎಕ್ಸ್‌ರೇ ಸರಿಯಾಗಿ ದಾಟದೆ, ಪೆಟ್ಟಿಗೆ ತೆರೆಸಬಹುದು. ಅದಕ್ಕೂ ಸಮಯ ಇಟ್ಟುಕೊಳ್ಳಿ. ಪದೇ ಪದೇ ಕಳಿಸುವವರು ಮಾನ್ಯತೆ ಪಡೆದ ಏಜೆಂಟರ ಮೂಲಕ ಹೋದರೆ ಈ ತಪಾಸಣೆ ಬೇಗ ಮುಗಿಯುತ್ತದೆ.

ಯಾವ ಯಾವ ಕಾಗದ ಬೇಕು?

ಇನ್‌ವಾಯ್ಸ್, ಪ್ಯಾಕಿಂಗ್ ಲಿಸ್ಟ್, ಏರ್‌ವೇ ಬಿಲ್ ಎಲ್ಲದಕ್ಕೂ ಬೇಕು. ತಾಜಾ ಹಣ್ಣು, ತರಕಾರಿಗೆ ಹೆಚ್ಚಿನ ದೇಶಗಳು ಫೈಟೋಸ್ಯಾನಿಟರಿ ಸರ್ಟಿಫಿಕೇಟ್ ಕೇಳುತ್ತವೆ. ಕೀಟ, ರೋಗ ಇಲ್ಲ ಅಂತ ಕಳಿಸುವ ದೇಶದ ಸರ್ಕಾರ ಕೊಡುವ ಪತ್ರ ಅದು. ಮಾಂಸ, ಮೀನು, ಹಾಲು, ಮೊಟ್ಟೆಯ ಪದಾರ್ಥಗಳಿಗೆ ಹೆಚ್ಚಾಗಿ ಸರ್ಕಾರಿ ಆರೋಗ್ಯ ಪತ್ರ ಬೇಕು. ಎಷ್ಟೋ ದೇಶಗಳು ತಾವು ಒಪ್ಪಿದ ಕಾರ್ಖಾನೆಯಿಂದ ಬಂದ ಮಾಲನ್ನು ಮಾತ್ರ ಒಳಗೆ ಬಿಡುತ್ತವೆ. ಪತ್ರ ಇದ್ದೂ ಕಾರ್ಖಾನೆ ಪಟ್ಟಿಯಲ್ಲಿ ಇಲ್ಲದಿದ್ದರೆ ಮಾಲು ವಾಪಸ್ ಬರುತ್ತದೆ, ಇಲ್ಲವೇ ಅಲ್ಲೇ ಸುಡುತ್ತಾರೆ.

ದೇಶಕ್ಕೊಂದು ರೀತಿ. ಅಮೆರಿಕಕ್ಕೆ ಆಹಾರ ಕಳಿಸುವಾಗ ಅಲ್ಲಿನ ಆಹಾರ, ಔಷಧಿ ಇಲಾಖೆಯಾದ ಎಫ್‌ಡಿಎಗೆ ಮುಂಚೆಯೇ ತಿಳಿಸಬೇಕು. ವಿಮಾನದಲ್ಲಾದರೆ ಮಾಲು ತಲುಪುವುದಕ್ಕೆ ಕನಿಷ್ಠ 4 ಗಂಟೆ ಮೊದಲು. ಯುರೋಪಿಯನ್ ಒಕ್ಕೂಟಕ್ಕೆ ಪ್ರಾಣಿಜನ್ಯ ಆಹಾರ ಹೋಗುವುದು ಗೊತ್ತುಮಾಡಿದ ಗಡಿ ತಪಾಸಣಾ ಕೇಂದ್ರಗಳ ಮೂಲಕ ಮಾತ್ರ. ಟ್ರೇಸಸ್ ಅನ್ನುವ ಆನ್‌ಲೈನ್ ವ್ಯವಸ್ಥೆಯಲ್ಲಿ ಅದರ ಮಾಹಿತಿ ಮೊದಲೇ ಇರಬೇಕು. ಸಮುದ್ರದಲ್ಲಿ ಹಿಡಿದ ಮೀನಿಗೆ ಅಲ್ಲಿ 2010ರಿಂದ ಕ್ಯಾಚ್ ಸರ್ಟಿಫಿಕೇಟ್, ಅಂದರೆ ಕಾನೂನು ಪ್ರಕಾರ ಹಿಡಿದದ್ದು ಅನ್ನುವ ಪತ್ರ, ಕೂಡ ಕಡ್ಡಾಯ. ವಿಮಾನ ಇಳಿಯುವ ಊರಿನಲ್ಲಿ ನಿಮ್ಮ ಮಾಲನ್ನು ನೋಡುವ ತಪಾಸಣಾ ಕೇಂದ್ರ ಇದೆಯಾ ಅಂತ ಬುಕಿಂಗ್ ಮುಂಚೆ ಕೇಳಿ. ಇಲ್ಲದ ಊರಿಗೆ ಅಗ್ಗದ ಟಿಕೆಟ್ ಸಿಕ್ಕರೂ ಬೇಡ.

ಮರದ ಪ್ಯಾಲೆಟ್ ಬಳಸಿದರೆ ಅದಕ್ಕೂ ಗುರುತು ಬೇಕು. ಮರದ ಪ್ಯಾಕಿಂಗ್‌ಗಿರುವ ಐಎಸ್‌ಪಿಎಂ 15 ಅನ್ನುವ ಅಂತರರಾಷ್ಟ್ರೀಯ ನಿಯಮದ ಪ್ರಕಾರ ಮರದ ತಿರುಳು 56 ಡಿಗ್ರಿಯಲ್ಲಿ 30 ನಿಮಿಷ ಬೆಂದಿರಬೇಕು, ಅಥವಾ ಒಪ್ಪಿದ ಬೇರೆ ಉಪಚಾರ ಆಗಿರಬೇಕು. ಆ ಮುದ್ರೆ ಇಲ್ಲದ ಒಂದು ಪ್ಯಾಲೆಟ್‌ಗಾಗಿ ಇಡೀ ಮಾಲು ನಿಲ್ಲಬಹುದು. ಪ್ಲಾಸ್ಟಿಕ್ ಪ್ಯಾಲೆಟ್‌ಗೆ ಈ ತಲೆನೋವಿಲ್ಲ.

ಎಲ್ಲ ಪತ್ರಗಳಲ್ಲೂ ಹೆಸರು, ತೂಕ, ಪೆಟ್ಟಿಗೆ ಸಂಖ್ಯೆ ಒಂದೇ ಇರಲಿ. ಇನ್‌ವಾಯ್ಸ್‌ನಲ್ಲಿ 40 ಪೆಟ್ಟಿಗೆ, ಆರೋಗ್ಯ ಪತ್ರದಲ್ಲಿ 42 ಅಂತಿದ್ದರೆ ಅಧಿಕಾರಿ ಬಿಡುವುದಿಲ್ಲ. ಬಿಡಬಾರದು ಕೂಡ. ಪತ್ರಗಳ ಸ್ಕ್ಯಾನ್ ಪ್ರತಿಯನ್ನು ಪಡೆಯುವವರ ಏಜೆಂಟರಿಗೆ ಮಾಲು ಹೊರಡುವ ಮುಂಚೆ ಕಳಿಸಿ ಒಪ್ಪಿಗೆ ಪಡೆಯಿರಿ. ಹಾರಿದ ಮೇಲೆ ತಿದ್ದುವುದು ಕಷ್ಟ.

ವಾರದ ಯಾವ ದಿನ ಕಳಿಸುವುದು ಒಳ್ಳೆಯದು?

ತಲುಪುವ ದಿನದಿಂದ ಹಿಂದಕ್ಕೆ ಲೆಕ್ಕ ಹಾಕಿ. ಅಲ್ಲಿನ ಕಸ್ಟಮ್ಸ್ ಮತ್ತು ಆಹಾರ ತಪಾಸಕರು ಕೆಲಸದಲ್ಲಿರುವ ದಿನ, ಅದೂ ಬೆಳಗ್ಗೆ, ಮಾಲು ಇಳಿಯಬೇಕು. ವಾರದ ನಡುವೆ ತಲುಪಿದರೆ ಏನಾದರೂ ತೊಡಕು ಬಂದರೂ ಸರಿಪಡಿಸಲು ಇನ್ನೂ ಒಂದೆರಡು ಕೆಲಸದ ದಿನ ಇರುತ್ತದೆ. ವಾರಾಂತ್ಯದ ರಜೆಯ ಹಿಂದಿನ ಸಂಜೆ ಇಳಿದರೆ ಎರಡು ದಿನ ಹೋಯಿತು ಅಂತಲೇ ಲೆಕ್ಕ. ಎರಡೂ ದೇಶಗಳ ಹಬ್ಬದ ಪಟ್ಟಿ ಮುಂದಿಟ್ಟುಕೊಳ್ಳಿ. ವಿಮಾನ ಬದಲಾಗುವ ದೇಶದ್ದೂ ಬೇಕು.

ಸಾಧ್ಯವಾದರೆ ನೇರ ವಿಮಾನ ಹಿಡಿಯಿರಿ, ಸ್ವಲ್ಪ ದುಡ್ಡು ಜಾಸ್ತಿಯಾದರೂ ಸರಿ. ನಡುವೆ ಇಳಿಸಿ ಹತ್ತಿಸುವುದಾದರೆ ಎರಡು ಪ್ರಶ್ನೆ ಕೇಳಿ. ಅಲ್ಲಿ ಎಷ್ಟು ಗಂಟೆ ಕಾಯಬೇಕು? ಕಾಯುವಾಗ ಮಾಲು ಕೋಲ್ಡ್ ರೂಮಿನಲ್ಲಿ ಇರುತ್ತದಾ, ಸಾಮಾನ್ಯ ಗೋದಾಮಿನಲ್ಲಾ? ಬಿಸಿಲಿನಲ್ಲಿ ನಿಂತ ಪ್ಲಾಸ್ಟಿಕ್ ಸುತ್ತಿದ ಪ್ಯಾಲೆಟ್ ಒಳಗೆ ಹೊರಗಿನ ಗಾಳಿಗಿಂತ ಎಷ್ಟೋ ಜಾಸ್ತಿ ಬಿಸಿಯಾಗುತ್ತದೆ. ಬಿಸಿಲನ್ನು ಹಿಂದಕ್ಕೆ ಕಳಿಸುವ ಉಷ್ಣ ಹೊದಿಕೆ ಅಲ್ಲಿ ಬಹಳ ಉಪಕಾರಿ. ಬೇಸಿಗೆಯಲ್ಲಿ ರಾತ್ರಿ ಹೊರಡುವ ವಿಮಾನ ಹುಡುಕುವುದೂ ಒಂದು ಜಾಣತನ.

ಪ್ರಯಾಣಿಕರ ವಿಮಾನದಲ್ಲಿ ಸಾಮಾನು ಜಾಸ್ತಿಯಾದರೆ ಸರಕನ್ನು ಕೆಳಗಿಳಿಸುತ್ತಾರೆ. ಬುಕಿಂಗ್ ಖಚಿತವಾಗಿದ್ದರೂ ಇದು ಆಗುತ್ತದೆ. ಹಾಗಾಗಿ ಮುಂದಿನ ವಿಮಾನ ಯಾವಾಗ ಅನ್ನುವುದು ಮೊದಲೇ ಗೊತ್ತಿರಲಿ. ವಾರಕ್ಕೆ ಒಂದೇ ವಿಮಾನ ಇರುವ ದಾರಿಗೆ ತಾಜಾ ಮಾಲು ಹಾಕುವ ಮುನ್ನ ಎರಡು ಸಲ ಯೋಚಿಸಿ.

ತೂಕ 11 ಕೆಜಿ, ಬಿಲ್ 16 ಕೆಜಿಗೆ. ಇದ್ಯಾವ ನ್ಯಾಯ?

ವಿಮಾನದಲ್ಲಿ ಜಾಗಕ್ಕೂ ಬೆಲೆ ಇದೆ. ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರ್‌ನಲ್ಲಿ ಗುಣಿಸಿ 6000ದಿಂದ ಭಾಗಿಸುತ್ತಾರೆ. ಬಂದ ಅಂಕಿ ನಿಜವಾದ ತೂಕಕ್ಕಿಂತ ಜಾಸ್ತಿ ಇದ್ದರೆ ಅದಕ್ಕೇ ಬಿಲ್. 60, 40, 40 ಸೆಂಟಿಮೀಟರ್ ಪೆಟ್ಟಿಗೆ ಅಂದರೆ 96,000, ಅಂದರೆ 16 ಕೆಜಿ. ಕೊರಿಯರ್ ಕಂಪನಿಗಳು ಹೆಚ್ಚಾಗಿ 5000ದಿಂದ ಭಾಗಿಸುತ್ತವೆ. ಆಗ ಅದೇ ಪೆಟ್ಟಿಗೆ 19.2 ಕೆಜಿ ಆಗುತ್ತದೆ.

ದಪ್ಪ ಥರ್ಮೋಕೋಲ್ ಹಾಕಿದಷ್ಟೂ ಈ ಅಂಕಿ ಏರುತ್ತದೆ. ವ್ಯಾಕ್ಯೂಮ್ ಪ್ಯಾನೆಲ್, ಅಂದರೆ ಒಳಗಿನ ಗಾಳಿ ತೆಗೆದ ಹಲಗೆ, ಇರುವ ಪೆಟ್ಟಿಗೆಗೆ ಬೆಲೆ ಜಾಸ್ತಿ, ಆದರೆ ತೆಳುವಾಗಿದ್ದೂ ತಂಪು ಹಿಡಿಯುತ್ತದೆ. ದೂರದ ದಾರಿಗೆ ಎರಡರ ಲೆಕ್ಕವನ್ನೂ ಹಾಕಿ ನೋಡಿ. ಡ್ರೈ ಐಸ್‌ನ ತೂಕಕ್ಕೂ ನೀವು ದುಡ್ಡು ಕೊಡುತ್ತೀರಿ, ತಲುಪುವಷ್ಟರಲ್ಲಿ ಅದು ಆವಿಯಾಗಿ ಹೋಗಿದ್ದರೂ.

ದರ 45, 100, 300, 500 ಕೆಜಿ ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಇಳಿಯುತ್ತದೆ. 90 ಕೆಜಿ ಮಾಲನ್ನು 100 ಕೆಜಿ ಅಂತ ಬುಕ್ ಮಾಡಿದರೆ ಒಟ್ಟು ಮೊತ್ತ ಕಡಿಮೆ ಬರುವುದುಂಟು. ಇದಕ್ಕೆ ಅವಕಾಶ ಇದೆ, ಕೇಳಿ ಪಡೆಯಿರಿ. ದರದ ಮೇಲೆ ಇಂಧನ, ಸೆಕ್ಯುರಿಟಿ, ಕೋಲ್ಡ್ ರೂಮ್, ಡ್ರೈ ಐಸ್ ತಪಾಸಣೆ ಅಂತ ಬೇರೆ ಬೇರೆ ಶುಲ್ಕ ಸೇರುತ್ತವೆ. ಎಲ್ಲವನ್ನೂ ಸೇರಿಸಿದ ಮೊತ್ತವನ್ನು ಬರಹದಲ್ಲಿ ಕೇಳಿ.

ಕೊರಿಯರ್ ಸಾಕಾ, ಫಾರ್ವರ್ಡರ್ ಬೇಕಾ?

ಒಂದೆರಡು ಸಣ್ಣ ಪೆಟ್ಟಿಗೆ, ಸರಳ ಪದಾರ್ಥ ಅಂದರೆ ಕೊರಿಯರ್ ಅನುಕೂಲ, ಅವರು ಆಹಾರ ಒಪ್ಪುವುದಾದರೆ. ಮಾಂಸ, ಮೀನು, ಹಾಲಿನ ಪದಾರ್ಥ ಅಥವಾ 50 ಕೆಜಿ ದಾಟಿದ ಮಾಲಾದರೆ ಬೇಗ ಕೆಡುವ ಸರಕಿನಲ್ಲಿ ಪಳಗಿದ ಫಾರ್ವರ್ಡರ್, ಅಂದರೆ ಬುಕಿಂಗ್, ಕಾಗದ, ಸಾಗಣೆ ಎಲ್ಲ ನೋಡಿಕೊಳ್ಳುವ ಏಜೆಂಟ್, ಬೇಕು. ಅವರ ಯೋಗ್ಯತೆ ತಿಳಿಯಲು ಸುಲಭದ ದಾರಿ ಇದೆ. ಮಾಲು ಒಂದು ದಿನ ತಡವಾದರೆ ಏನು ಮಾಡುತ್ತೀರಿ ಅಂತ ಕೇಳಿ. ಎರಡೂ ಕಡೆಯ ಕೋಲ್ಡ್ ರೂಮ್, ಡ್ರೈ ಐಸ್ ಮರುಪೂರಣ, ರಾತ್ರಿ ಫೋನ್ ಎತ್ತುವ ಮನುಷ್ಯ, ಇವುಗಳ ಬಗ್ಗೆ ಅವರು ತಾವಾಗಿಯೇ ಮಾತಾಡಿದರೆ ಅಂಥವರನ್ನು ಬಿಡಬೇಡಿ.

ಏರ್‌ವೇ ಬಿಲ್ ಮೇಲಿನ ಮೂರಕ್ಷರದ ಕೋಡ್‌ಗಳು ಏನು?

ಸರಕು ಎತ್ತಿಳಿಸುವವರಿಗೆ ಹೇಳುವ ಗುರುತು. ಪಿಇಆರ್ ಅಂದರೆ ಬೇಗ ಕೆಡುವ ಮಾಲು. ಪಿಇಎಸ್ ಮೀನು ಮತ್ತು ಸಮುದ್ರದ ಆಹಾರ, ಪಿಇಎಂ ಮಾಂಸ, ಪಿಇಪಿ ಹಣ್ಣು ಮತ್ತು ತರಕಾರಿ. ಎಫ್‌ಆರ್‌ಓ ಫ್ರೋಜನ್, ಸಿಓಎಲ್ 2 ರಿಂದ 8 ಡಿಗ್ರಿ, ಐಸಿಇ ಅಂದರೆ ಒಳಗೆ ಡ್ರೈ ಐಸ್ ಇದೆ ಅಂತ.

ಒಂದು ಎಚ್ಚರ. ಬಿಲ್‌ನಲ್ಲಿ ಮೈನಸ್ 18ರಲ್ಲಿ ಇಡಿ ಅಂತ ಬರೆದ ಮಾತ್ರಕ್ಕೆ ಏರ್‌ಲೈನ್ ಅದಕ್ಕೆ ಬದ್ಧ ಅಂತ ಆಗುವುದಿಲ್ಲ. ನೀವು ಕೊಂಡ ಸೇವೆಯಲ್ಲಿ ಉಷ್ಣತೆ ಕಾಯುವ ಮಾತು ಇದೆಯಾ ನೋಡಿ. ಸಾಮಾನ್ಯ ದರಕ್ಕೆ ಬುಕ್ ಮಾಡಿದ ಮಾಲನ್ನು ಅವರು ಕೋಲ್ಡ್ ರೂಮಿನಲ್ಲಿ ಇಡದಿದ್ದರೆ ಆಮೇಲೆ ಜಗಳಕ್ಕೆ ಬಲ ಇರುವುದಿಲ್ಲ.

ಉಷ್ಣತೆ ಬರೆದಿಡುವ ಲಾಗರ್ ಹಾಕಲೇಬೇಕಾ?

ನಿಯಮ ಕೇಳದಿದ್ದರೂ ಹಾಕಿ. ಎಲ್ಲಿ, ಯಾವಾಗ ಬಿಸಿ ಏರಿತು ಅನ್ನುವುದು ಗೊತ್ತಾದರೆ ಮಾತ್ರ ಮುಂದಿನ ಸಲ ಸರಿ ಮಾಡಲು ಆಗುತ್ತದೆ. ಒಂದನ್ನು ಪ್ಯಾಲೆಟ್‌ನ ನಡುವೆ, ಇನ್ನೊಂದನ್ನು ಹೊರಗಿನ ಮೂಲೆಯ ಪೆಟ್ಟಿಗೆಯಲ್ಲಿಡಿ. ಮೂಲೆಯದೇ ಮೊದಲು ಸೋಲುವುದು. ಡ್ರೈ ಐಸ್ ಪಕ್ಕ ಇಡುವುದಾದರೆ ಅಷ್ಟು ಚಳಿಗೆ ತಡೆಯುವ ಲಾಗರ್ ಆರಿಸಿ. ಲಿಥಿಯಂ ಬ್ಯಾಟರಿ ಇದ್ದರೆ ಬುಕಿಂಗ್ ವೇಳೆ ತಿಳಿಸಿ.

ಮಾಲು ಹಾಳಾಗಿ ತಲುಪಿದರೆ ಪರಿಹಾರ ಸಿಗುತ್ತದಾ?

ಸಿಗಬಹುದು, ಆದರೆ ನೀವು ಅಂದುಕೊಂಡಷ್ಟು ಅಲ್ಲ. ಹೆಚ್ಚಿನ ದೇಶಗಳ ನಡುವೆ 1999ರ ಮಾಂಟ್ರಿಯಲ್ ಒಪ್ಪಂದ ನಡೆಯುತ್ತದೆ. ಅದರಲ್ಲಿ ಏರ್‌ಲೈನ್‌ನ ಹೊಣೆ ಕೆಜಿಗೆ 26 ಎಸ್‌ಡಿಆರ್. ಎಸ್‌ಡಿಆರ್ ಅಂದರೆ ಅಂತರರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಹಣ. 2024ರ ಡಿಸೆಂಬರ್ 28ರ ಮೊದಲು ಈ ಮಿತಿ 22 ಇತ್ತು. ದುಬಾರಿ ಮೀನಾದರೂ ಸರಿ, ಈರುಳ್ಳಿಯಾದರೂ ಸರಿ, ಮಿತಿ ಅಷ್ಟೇ. ಕಳಿಸುವಾಗಲೇ ಹೆಚ್ಚಿನ ಬೆಲೆ ಘೋಷಿಸಿ ಅದಕ್ಕೆ ಶುಲ್ಕ ಕಟ್ಟಿದ್ದರೆ ಮಾತ್ರ ಮಿತಿ ಏರುತ್ತದೆ.

ಮಾಲಿನ ಸ್ವಂತ ಗುಣದಿಂದಲೇ ಕೆಟ್ಟಿತು, ಅಥವಾ ಪ್ಯಾಕಿಂಗ್ ಸರಿಯಿರಲಿಲ್ಲ ಅಂತ ತೋರಿಸಿದರೆ ಏರ್‌ಲೈನ್ ಹೊಣೆಯಿಂದ ಪಾರಾಗುತ್ತದೆ. ಲಾಗರ್, ಪ್ಯಾಕಿಂಗ್ ವೇಳೆಯ ಫೋಟೊ, ಒಳ ಉಷ್ಣತೆಯ ದಾಖಲೆ ಬೇಕಾಗುವುದು ಇಲ್ಲೇ. ಹಾನಿ ಕಂಡರೆ ಮಾಲು ಪಡೆದ 14 ದಿನದೊಳಗೆ ಬರಹದಲ್ಲಿ ದೂರು ಕೊಡಬೇಕು. ತಡವಾಗಿದ್ದಕ್ಕೆ 21 ದಿನ. ಕೋರ್ಟಿಗೆ ಹೋಗುವುದಾದರೆ 2 ವರ್ಷದೊಳಗೆ. ಆದರೆ ಆಹಾರದಲ್ಲಿ 14 ದಿನ ಕಾಯುವುದು ಅಂದರೆ ಸಾಕ್ಷಿಯನ್ನೇ ಕಳೆದುಕೊಂಡಂತೆ. ಅದೇ ದಿನ ಫೋಟೊ ತೆಗೆದು, ಸಹಿ ಹಾಕುವ ಕಾಗದದ ಮೇಲೇ ಹಾನಿಯನ್ನು ಬರೆದುಬಿಡಿ.

ವಿಮೆ ಬೇರೆಯೇ ಮಾಡಿಸಿ. ಪಾಲಿಸಿಯನ್ನು ಓದಿ ಮಾಡಿಸಿ. ಎಲ್ಲ ಅಪಾಯಕ್ಕೂ ರಕ್ಷಣೆ ಅಂತ ಮಾರುವ ಸಾಮಾನ್ಯ ಸರಕು ವಿಮೆಯಲ್ಲೂ ತಡವಾಗಿ ಆದ ನಷ್ಟ ಸಾಮಾನ್ಯವಾಗಿ ಸೇರುವುದಿಲ್ಲ. ಫ್ರೋಜನ್ ಆಹಾರದ ಕೆಲವು ಪಾಲಿಸಿಗಳು ತಂಪು ಯಂತ್ರ ಇಂತಿಷ್ಟು ಗಂಟೆ ಕೆಟ್ಟು ನಿಂತರೆ ಮಾತ್ರ ಹಣ ಕೊಡುತ್ತವೆ. ನಿಮ್ಮ ಪೆಟ್ಟಿಗೆಯಲ್ಲಿ ಯಂತ್ರವೇ ಇಲ್ಲ, ಡ್ರೈ ಐಸ್ ಮಾತ್ರ. ಆಗ ಆ ಪಾಲಿಸಿ ಇದ್ದೂ ಇಲ್ಲದ ಹಾಗೆ. ಡ್ರೈ ಐಸ್ ಪೆಟ್ಟಿಗೆಗೆ ಇದು ಅನ್ವಯಿಸುತ್ತದಾ ಅಂತ ನೇರವಾಗಿ ಕೇಳಿ, ಉತ್ತರವನ್ನು ಬರಹದಲ್ಲಿ ಪಡೆಯಿರಿ.

ಎಫ್‌ಓಬಿ ಅಂತ ಒಪ್ಪಂದ ಮಾಡಿಕೊಳ್ಳಬಹುದಾ?

ಮಾರುವವರು, ಕೊಳ್ಳುವವರ ನಡುವೆ ಖರ್ಚು ಮತ್ತು ಹೊಣೆ ಹಂಚಲು ವ್ಯಾಪಾರದಲ್ಲಿ ಚುಟುಕು ಪದಗಳಿವೆ. ಅವುಗಳಲ್ಲಿ ಎಫ್‌ಓಬಿ ಮತ್ತು ಸಿಐಎಫ್ ಹಡಗಿಗೆ ಮಾಡಿದ ಪದಗಳು. ವಿಮಾನಕ್ಕೆ ಎಫ್‌ಸಿಎ, ಸಿಪಿಟಿ, ಸಿಐಪಿ, ಡಿಎಪಿ ಬಳಸಿ. ಮಾಲಿನ ಹೊಣೆ ಯಾವ ಜಾಗದಲ್ಲಿ ಕೈ ಬದಲಾಗುತ್ತದೆ ಅನ್ನುವುದು ಇದರಿಂದ ಗೊತ್ತಾಗುತ್ತದೆ.

ಮನೆಯಲ್ಲಿ ಮಾಡಿದ ಅಡುಗೆಯನ್ನು ಬ್ಯಾಗಿನಲ್ಲಿ ಒಯ್ಯಬಹುದಾ?

ಏರ್‌ಲೈನ್ ಒಪ್ಪಿದರೆ ಒಬ್ಬ ಪ್ರಯಾಣಿಕ 2.5 ಕೆಜಿವರೆಗೆ ಡ್ರೈ ಐಸ್ ಒಯ್ಯಬಹುದು, ಅನಿಲ ಹೊರಹೋಗುವ ಡಬ್ಬಿಯಲ್ಲಿ. ಆದರೆ ಹೋಗುವ ದೇಶ ಆಹಾರವನ್ನು ಒಳಗೆ ಬಿಡುತ್ತದಾ ಅನ್ನುವುದು ಬೇರೆ ಪ್ರಶ್ನೆ. ಎಷ್ಟೋ ದೇಶಗಳು ಪ್ರಯಾಣಿಕರು ತರುವ ಮಾಂಸ, ಹಾಲಿನ ಪದಾರ್ಥ, ತಾಜಾ ಹಣ್ಣನ್ನು ತಡೆಯುತ್ತವೆ. ಇದ್ದದ್ದನ್ನು ಘೋಷಿಸಿ. ಘೋಷಿಸಿದರೆ ಹೆಚ್ಚೆಂದರೆ ಆಹಾರ ಹೋಗುತ್ತದೆ, ಮುಚ್ಚಿಟ್ಟರೆ ದಂಡವೂ ಬೀಳುತ್ತದೆ.

ಫ್ರೋಜನ್ ಮಾಲು ಅರ್ಧ ಕರಗಿ ಬಂದಿದೆ. ಮತ್ತೆ ಫ್ರೀಜ್ ಮಾಡಿದರೆ ಆಯಿತಲ್ವಾ?

ಮೊದಲು ಒಳ ಉಷ್ಣತೆ ನೋಡಿ. ಇನ್ನೂ ಐಸ್ ಹರಳು ಇದ್ದು 4 ಡಿಗ್ರಿ ಅಥವಾ ಅದಕ್ಕಿಂತ ಕೆಳಗೆ ಇದ್ದರೆ ತಿನ್ನಲು ಸಾಮಾನ್ಯವಾಗಿ ಅಪಾಯವಿಲ್ಲ. ಆದರೆ ರುಚಿ, ರಚನೆ ಹೋಗಿರುತ್ತದೆ. ಮೈನಸ್ 1 ರಿಂದ ಮೈನಸ್ 5 ಡಿಗ್ರಿ ನಡುವೆ ನಿಧಾನವಾಗಿ ಹೆಪ್ಪುಗಟ್ಟಿದಾಗ ದೊಡ್ಡ ಹರಳುಗಳು ಬೆಳೆದು ಜೀವಕೋಶಗಳನ್ನು ಹರಿಯುತ್ತವೆ. ಮತ್ತೆ ಕರಗಿಸಿದಾಗ ನೀರು ಸುರಿಯುತ್ತದೆ.

ಮೀನಿನ ವಿಷಯದಲ್ಲಿ ಇನ್ನೂ ಹುಷಾರು. ಟ್ಯೂನಾದಂಥ ಮೀನು ಬಿಸಿಯಾದರೆ ಹಿಸ್ಟಮೀನ್ ಅನ್ನುವ, ತಿಂದವರಿಗೆ ವಿಷವಾಗುವ ವಸ್ತು ಹುಟ್ಟುತ್ತದೆ. ಒಮ್ಮೆ ಹುಟ್ಟಿದರೆ ಬೇಯಿಸಿದರೂ, ಮತ್ತೆ ಫ್ರೀಜ್ ಮಾಡಿದರೂ ಹೋಗುವುದಿಲ್ಲ. ವ್ಯಾಕ್ಯೂಮ್ ಪ್ಯಾಕ್ ಮಾಡಿದ ಮೀನಿನಲ್ಲಿ ಬೊಟುಲಿಸಂ ಅನ್ನುವ ಮಾರಕ ವಿಷಬಾಧೆ ತರುವ ಬ್ಯಾಕ್ಟೀರಿಯಾದ ಒಂದು ಬಗೆ 3.3 ಡಿಗ್ರಿಯಲ್ಲೇ ಬೆಳೆಯಲು ಶುರು ಮಾಡುತ್ತದೆ. ಆಗ ವಾಸನೆಯಿಂದಲೂ, ನೋಟದಿಂದಲೂ ಗೊತ್ತಾಗದೆ ಇರಬಹುದು.

ಮಾರುವ ಮಾಲಾದರೆ ನಿರ್ಧಾರ ನಿಮ್ಮೊಬ್ಬರದಲ್ಲ. ಬೇರೆ ಮಾಡಿ ಇಡಿ, ಗುರುತು ಹಚ್ಚಿ, ಲಾಗರ್‌ನ ದಾಖಲೆ ತೆಗೆದು ಅಲ್ಲಿನ ಆಹಾರ ಅಧಿಕಾರಿಗೂ ವಿಮೆಯವರಿಗೂ ತೋರಿಸಿ. ಅವರು ನೋಡುವ ತನಕ ಎಸೆಯಬೇಡಿ. ಎಷ್ಟು ಗಂಟೆ, ಎಷ್ಟು ಡಿಗ್ರಿಯಲ್ಲಿ ಇತ್ತು ಅಂತ ಹೇಳಲು ಯಾವ ದಾಖಲೆಯೂ ಇಲ್ಲದಿದ್ದರೆ ಆ ಮಾಲನ್ನು ಯಾರ ತಟ್ಟೆಗೂ ಹಾಕಬೇಡಿ.